ಅತ್ತೆಯ ತಾರಸಿಗೆ ಅಪ್ಪನ ಸಾಕ್ಷಿ

ಪಂಚಾಯಿತಿ ನಡೆದ ದಿನ ಜಡಿಮಳೆ ಸುರಿಯುತ್ತಿತ್ತೆಂದೇ ನನ್ನ ನೆನಪು. ಆದರೆ ಅದು ಆಗುವ ಮಾತಲ್ಲ. ಅವತ್ತು ನಾವೆಲ್ಲ ಅತ್ತೆ ಇದ್ದ ಕಟ್ಟಡದ ತಾರಸಿಯ ಮೇಲೆ ಜಮಖಾನ ಹಾಸಿಕೊಂಡು ಕೂತಿದ್ದೆವು. ತಟ್ಟೆಗಳಲ್ಲಿ ಮಂಡಕ್ಕಿ ಇತ್ತು. ನಿವೃತ್ತ ಮುನ್ಸೀಫರು ಬಿಸಿಲಿಗೆಂದು ತಲೆಯ ಮೇಲೆ ಟವೆಲ್ ಹಾಕಿಕೊಂಡಿದ್ದರು. ಆ ಟವೆಲಿನ ಕೆಂಪು ಅಂಚೂ ನೆನಪಿದೆ, ಮಳೆಯೂ ನೆನಪಿದೆ. ಎರಡರಲ್ಲಿ ಒಂದು ಸುಳ್ಳು. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ ಬಂದು, ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರಲ್ಲಿ ಅದನ್ನೇ ಹುಡುಗರಿಗೆ ಕಲಿಸುತ್ತಿದ್ದ ನನಗೆ ಇಷ್ಟು ಹೇಳಲು ಕಷ್ಟವಿಲ್ಲ. ಮಂಡಕ್ಕಿ ಗರಿಗರಿಯಾಗಿತ್ತು ಎಂಬುದನ್ನು ಸಾಕ್ಷಿಯಾಗಿ ಇಟ್ಟುಕೊಂಡು ಮಳೆಯನ್ನು ಕೈಬಿಡುತ್ತೇನೆ. ಉಳಿದದ್ದನ್ನು ಓದುವವರೂ ಇದೇ ಎಚ್ಚರದಲ್ಲಿ ಓದಿದರೆ ಒಳ್ಳೆಯದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾವಣಗೆರೆಯಲ್ಲಿ ಅಪಾರ್ಟ್‌ಮೆಂಟ್ ಎಂಬುದು ಹೊಸ ಪದಾರ್ಥ. ವಿದ್ಯಾನಗರದ ಅಂಚಿನಲ್ಲಿ ಎದ್ದ ಆ ಮೂರಂತಸ್ತಿನ ಕಟ್ಟಡದಲ್ಲಿ ಅಂತಸ್ತಿಗೆ ಎರಡರಂತೆ ಆರು ಮನೆಗಳಿದ್ದವು. ಅಪ್ಪನ ಒಬ್ಬಳೇ ತಂಗಿಯಾದ ನಮ್ಮ ಅತ್ತೆ, ಗಂಡ ತೀರಿಕೊಂಡ ಕೆಲವು ವರ್ಷಗಳ ಮೇಲೆ, ತನ್ನ ಪಾಲಿಗೆ ಬಂದದ್ದನ್ನೆಲ್ಲ ಕೂಡಿಸಿ ಮೇಲಂತಸ್ತಿನ ಮನೆಯೊಂದನ್ನು ಕೊಂಡಳು. ನೆಲವೇ ಇಲ್ಲದ ಮನೆ ಕೊಂಡಿದ್ದಾಳೆ ಎಂದು ಹರಿಹರದ ನೆಂಟರೆಲ್ಲ ಮರುಗಿದರು. ಬುಡದಲ್ಲಿ ಮಣ್ಣಿಲ್ಲ, ತಲೆಯ ಮೇಲೆ ತನ್ನದೇ ಆದ ಸೂರಿಲ್ಲ, ಹಾಗಾದರೆ ಕೊಂಡದ್ದೇನು ಎಂದು ನಮ್ಮ ಅಪ್ಪ ಪ್ರಾಮಾಣಿಕವಾಗಿಯೇ ಕೇಳಿದ. ನಡುವಿನ ಗಾಳಿ ಎಂದು ಅತ್ತೆ ಹೇಳಿದಳಂತೆ.

ಆ ಗಾಳಿಯಲ್ಲಿ ಅವಳು ಹೊಲಿಗೆ ಕ್ಲಾಸ್ ನಡೆಸುತ್ತಿದ್ದಳು. ಕಿಟಕಿಯ ಬೆಳಕಿಗೆ ನಾಲ್ಕಾರು ಮಷಿನ್ನು, ಸುತ್ತಲಿನ ಬೀದಿಗಳ ಹುಡುಗಿಯರು, ಗೋಡೆಗೆ ಚಾಕ್‌ಪೀಸಿನಲ್ಲಿ ಬರೆದ ಅಳತೆಗಳು. ಕ್ಲಾಸಿನ ಜೊತೆಗೆ ಗಿರಾಕಿಗಳ ಜಂಪರು, ಲಂಗ. ಅದರಲ್ಲೇ ಅವಳ ಜೀವನ. ನಾನು ಭಾನುವಾರ ಊಟಕ್ಕೆ ಹೋದರೆ ಅನ್ನದಲ್ಲಿ ದಾರದ ತುಣುಕು ಸಿಗುತ್ತಿತ್ತು. ಅತ್ತೆ ಅದಕ್ಕೆ ಕ್ಷಮೆ ಕೇಳುತ್ತಿರಲಿಲ್ಲ.

ಇದಕ್ಕೆ ಮೊದಲು ಅವಳು ಹರಿಹರದ ನಮ್ಮ ಮನೆಯಲ್ಲಿದ್ದಳು. ಅಲ್ಲಿ ಅವಳಿಗೆ ಏನು ಕಡಿಮೆಯಾಗಿತ್ತು ಎಂದು ಕೇಳಿದರೆ ಹೇಳುವುದು ಕಷ್ಟ. ನಮ್ಮ ಮನೆಯಲ್ಲಿ ಜಗಳ ಇರಲಿಲ್ಲ. ಜಗಳವಾಗಿದ್ದರೆ ಅತ್ತೆ ಉಳಿಯುತ್ತಿದ್ದಳೇನೋ. ಅವ್ವ ಅವಳಿಗೇ ಮೊದಲು ಬಡಿಸುತ್ತಿದ್ದಳು, ಬೀಗರಿಗೆ ಬಡಿಸುವ ಹಾಗೆ. ರೊಟ್ಟಿ ತಟ್ಟಲು ಕೂತರೆ, ನೀವ್ಯಾಕ ಕೈ ಸುಟ್ಕೊಂತೀರಿ ಎಂದು ಎಬ್ಬಿಸುತ್ತಿದ್ದಳು. ಹೀಗೆ ಮರ್ಯಾದೆಯಿಂದಲೇ ಅತ್ತೆಯನ್ನು ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿಂದಿನ ಕೋಣೆಗೆ ಸರಿಸಲಾಯಿತು. ಆ ಕೋಣೆಯಲ್ಲಿ ಅವಳು ಹೊಲಿಗೆ ಮಷಿನ್ ಇಟ್ಟುಕೊಂಡಾಗ ಅಪ್ಪ ಅದನ್ನೂ ನಿಲ್ಲಿಸಿದ. ಕಾಳಿನ ವ್ಯಾಪಾರ ಮಾಡಿದ ಮನೆತನ ನಮ್ಮದು. ಮನೆಯ ಹೆಣ್ಣುಮಗಳು ಊರವರ ಕುಬಸ ಹೊಲಿಯುತ್ತಾಳೆಂದರೆ ಜನ ಏನಂದಾರು, ಮೇಲಾಗಿ ಮಧ್ಯಾಹ್ನದ ನಿದ್ದೆಗೆ ಆ ಕಟಕಟ. ಅಪ್ಪ ಇದನ್ನು ಗದರಿಸಿ ಹೇಳಲಿಲ್ಲ. ನಿನಗೇನು ಕಡಿಮೆ ಮಾಡೀನವ್ವ ಎಂದ. ಆ ಪ್ರಶ್ನೆಗೆ ಉತ್ತರವಾಗಿಯೇ ಅತ್ತೆ ದಾವಣಗೆರೆಯ ಮನೆ ಕೊಂಡದ್ದು. ಮುಂದೆ ಅವಳಿಗಿದ್ದದ್ದು ಒಂದೇ ಭಯ: ಹರಿಹರಕ್ಕೆ ವಾಪಸು ಹೋಗಬೇಕಾಗಿ ಬರುವುದು, ಹೋದವಳು ಅಲ್ಲೇ ಉಳಿದುಬಿಡುವುದು.

ಮನೆ ಕೊಂಡ ಎರಡನೆಯ ಮಳೆಗಾಲಕ್ಕೆ ಸೂರು ಸೋರತೊಡಗಿತು.

ತಾರಸಿ ಆರೂ ಮನೆಯವರದು ಎಂದು ಕ್ರಯಪತ್ರದಲ್ಲೇ ಇತ್ತು. ಹಪ್ಪಳ, ಸಂಡಿಗೆ, ಹಾಸಿಗೆ ಒಣಹಾಕುವಾಗ ಅದು ನಿಜವಾಗಿಯೂ ಆರೂ ಮನೆಯವರದಾಗಿರುತ್ತಿತ್ತು. ಸೋರಿದ ಮೇಲೆ ಮಾತ್ರ ಅತ್ತೆಯೊಬ್ಬಳದಾಯಿತು. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವರು ಕೆಳಮನೆಯ ಜವಳಿ ವ್ಯಾಪಾರಿಗಳು. ಕೆಟ್ಟವರಲ್ಲ. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆಂಬುದನ್ನು ಒಪ್ಪುತ್ತಿದ್ದರು, ಆದರೆ ಅದು ತಮ್ಮ ಮನೆಯವರೆಗೆ ಹರಿದು ಬಂದ ಮೇಲೆ ನೋಡೋಣ ಎಂಬ ಸ್ವಭಾವದವರು. ಸೋರೋದು ನಿಮ್ಮ ಸೂರು ಅಲ್ಲೇನ್ರಿ ಅಕ್ಕಾರ ಎಂದು ಅವರು ಕೇಳಿದರು.

"ನನ್ನ ಸೂರಾದ್ರೆ ನಿಮ್ಮ ಹಪ್ಪಳ ಯಾಕ ಅದರ ಮ್ಯಾಲೆ ಒಣಗ್ತಾವ್ರಿ?" ಎಂದಳು ಅತ್ತೆ.

ಮಾತಿನಲ್ಲಿ ಗೆದ್ದಳು. ಗಾರೆ ಕೆಲಸದ ಗೌಂಡಿ ಮಾತ್ರ ಬರಲಿಲ್ಲ.

ಮೊದಲ ಸಲ ಪಾತ್ರೆ ಇಟ್ಟು ನಿಭಾಯಿಸಿದಳು. ಮರುವರ್ಷ ಎದುರು ಮನೆಯ ಸಾಹೇಬರು ನೆರವಿಗೆ ಬಂದರು. ಅವರದು ಲಾರಿ ಟಾರ್ಪಾಲಿನ ವ್ಯಾಪಾರ. ಅವರ ಮನೆಯಲ್ಲೂ ಒಂದು ಮೂಲೆ ತೇವವಾಗುತ್ತಿತ್ತು, ಆದರೆ ಅಲ್ಲಿ ಅವರು ಮಾರಾಟದ ಟಾರ್ಪಾಲುಗಳನ್ನೇ ಒಟ್ಟಿದ್ದರು. ನೀರು ತಡೆಯುವ ಸರಕಿನ ಮೇಲೆ ನೀರು ಬಿತ್ತೆಂದು ದೂರು ಕೊಟ್ಟರೆ ವ್ಯಾಪಾರ ಉಳಿದೀತೇ ಎಂದು ನಗುತ್ತಿದ್ದರು. ಹಳೆಯ ಟಾರ್ಪಾಲೊಂದನ್ನು ತಂದು ಅತ್ತೆಯ ಸೂರಿನ ಕೆಳಗೆ ನಾಲ್ಕು ಕಡೆ ಹಗ್ಗ ಬಿಗಿದು ಕಟ್ಟಿದರು. ನಡುವೆ ಇಳಿಬಿದ್ದ ಜಾಗಕ್ಕೆ ತೂತು ಮಾಡಿ, ರಬ್ಬರ್ ಪೈಪು ಸಿಕ್ಕಿಸಿ, ಬಚ್ಚಲಿಗೆ ಬಿಟ್ಟರು. ಆ ಮಳೆಗಾಲವಿಡೀ ಹುಡುಗಿಯರು ತಲೆಯ ಮೇಲೆ ಕೆರೆ ಹೊತ್ತು ಕಾಜಾ ಹೊಲಿದರು. ನೆಲಕ್ಕೆ ಒಂದು ಹನಿ ಬೀಳಲಿಲ್ಲ.

ಕಾರ್ಯದರ್ಶಿಗಳು ಬಂದು ನೋಡಿದರು. ನೆಲ ಮುಟ್ಟಿ ನೋಡಿದರು. ಭಾಳ ಚಲೋ ಆಗೇತಿ, ಇನ್ನ ತಾರಸಿ ಮುಟ್ಟೋದೇ ಬ್ಯಾಡ ಎಂದರು. ನಷ್ಟವಾಗದಂತೆ ನೋಡಿಕೊಂಡಿದ್ದರಿಂದ ನಷ್ಟವೇ ಇಲ್ಲ, ನಷ್ಟವಿಲ್ಲದ ಮೇಲೆ ರಿಪೇರಿ ಏಕೆ. ತರಗತಿಯಲ್ಲಿ ಇಂಥ ವಾದಕ್ಕೆ ನಾನು ಸೊನ್ನೆ ಕೊಡುತ್ತಿದ್ದೆ. ಅಲ್ಲಿ ಅದಕ್ಕೆ ಪೂರ್ತಿ ಅಂಕ ಸಿಕ್ಕಿತು.

ಅದರ ಮರುವರ್ಷ, ಒಂದು ದೊಡ್ಡ ಮಳೆಯ ಮಧ್ಯಾಹ್ನ, ಪೈಪಿನ ಬಾಯಿಗೆ ಚಿಂದಿ ಬಟ್ಟೆ ಸಿಕ್ಕಿ ನೀರು ಕಟ್ಟಿತು. ಟಾರ್ಪಾಲು ಹಸುವಿನ ಹೊಟ್ಟೆಯಂತೆ ಜೋತಾಡಿ, ಹಗ್ಗ ಹರಿದು, ಹೊತ್ತ ನೀರನ್ನೆಲ್ಲ ಒಮ್ಮೆಗೇ ಕೆಳಗೆ ಹಾಕಿತು. ಪುಣ್ಯಕ್ಕೆ ಹುಡುಗಿಯರು ಊಟಕ್ಕೆ ಹೋಗಿದ್ದರು. ಆದರೆ ಕತ್ತರಿಸಿಟ್ಟಿದ್ದ ಮದುವೆ ಮನೆಯೊಂದರ ಜಂಪರುಗಳು ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ ಹಾಳಾದವು. ಎರಡು ಮಷಿನ್ನುಗಳ ಒಳಗೆ ಕೆಸರು ಹೊಕ್ಕಿತು. ಮದುವೆ ಮನೆಯವರ ಮಾತು ಬೀದಿಯಲ್ಲೆಲ್ಲ ಹರಡಿ ಗಿರಾಕಿಗಳು ಕಡಿಮೆಯಾದರು, ಮಳೆ ನಿಲ್ಲುವವರೆಗೆ ಹುಡುಗಿಯರೂ ಬರುವುದನ್ನು ಬಿಟ್ಟರು. ಅತ್ತೆ ಆದ ನಷ್ಟವನ್ನು ತುಂಬಿಕೊಡಿ, ತಾರಸಿಯನ್ನೂ ಸರಿಮಾಡಿ ಎಂದು ಸಂಘವನ್ನು ಕೇಳಿದಳು. ಟಾರ್ಪಾಲು ಕಟ್ಟಿದ್ದಕ್ಕೇ ಅಲ್ಲವೇ ಅಷ್ಟು ನೀರು ಒಮ್ಮೆಗೆ ಬಿದ್ದದ್ದು, ಹನಿಹನಿಯಾಗಿ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಕಾರ್ಯದರ್ಶಿಗಳು ಉತ್ತರಿಸಿದರು.

ಕೋರ್ಟು ಬೇಡವೆಂದು ಎರಡೂ ಕಡೆಯವರು ಒಪ್ಪಿದ್ದರಿಂದ, ಅದೇ ಬೀದಿಯಲ್ಲಿದ್ದ ನಿವೃತ್ತ ಮುನ್ಸೀಫರನ್ನು ಮಧ್ಯಸ್ಥರನ್ನಾಗಿ ಮಾಡಲಾಯಿತು. ಅವರು ಹೇಳಿದ್ದಕ್ಕೆ ಎಲ್ಲರೂ ಬದ್ಧರು. ಮುಂದಿನ ಬೇಸಿಗೆಗೆ ಮುನ್ನ, ಒಂದು ಬೆಳಿಗ್ಗೆ, ನಾನು ಆಗಲೇ ಹೇಳಿದ ಜಮಖಾನದ ಮೇಲೆ ಎಲ್ಲರೂ ಸೇರಿದರು.

ಮುನ್ಸೀಫರು ತಾರಸಿಯ ಬಿರುಕುಗಳನ್ನು ಕೋಲಿನಿಂದ ಮುಟ್ಟಿ ನೋಡಿ, ತಾರಸಿ ಸಂಘದ್ದು, ತಪ್ಪೂ ಸಂಘದ್ದು ಎಂದು ಆರಂಭದಲ್ಲೇ ಹೇಳಿಬಿಟ್ಟರು. ಅತ್ತೆಯ ಮುಖ ಅರಳಿತು. ಆದರೆ ಅವರಿಗೆ ಇನ್ನೊಂದು ಮಾತು ಹೇಳುವುದಿತ್ತು. ನಷ್ಟಕ್ಕೆ ಒಳಗಾದವರೂ ಅದನ್ನು ತಮ್ಮ ಕೈಲಾದಷ್ಟು ತಗ್ಗಿಸಿಕೊಳ್ಳಬೇಕು, ತಗ್ಗಿಸಬಹುದಾಗಿದ್ದೂ ತಗ್ಗಿಸದ ಪಾಲನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ ಎಂದು ವಿವರಿಸಿದರು.

"ಗುಂಡಿ ತೋಡಿದೋನ ತಪ್ಪು ಖರೆ," ಎಂದರು ಅವರು. "ಆದ್ರೆ ಎತ್ತು ಬಿದ್ದ ಮ್ಯಾಲೆ ಮಾಲೀಕ ದಂಡಿಮ್ಯಾಗ ಕುಂತು ನೋಡಿದ್ರೆ ಹೆಂಗೆ? ಹಗ್ಗ ತರಬೇಕಲ್ಲ."

ಹಗ್ಗ ತಂದದ್ದು ತಾನು, ಕಟ್ಟಿದ್ದೂ ತಾನು ಎಂದು ಸಾಹೇಬರು ಟಾರ್ಪಾಲಿನ ಕತೆ ಹೇಳಿದರು. ಮುನ್ಸೀಫರು ಮೆಚ್ಚಿ ತಲೆದೂಗಿದರು. ಆಗ ಕಾರ್ಯದರ್ಶಿಗಳು ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕಿಟ್ಟು, ತಮ್ಮದೊಂದು ಪ್ರಶ್ನೆ ಇದೆ ಎಂದರು. ಟಾರ್ಪಾಲಿನ ಸಾಹಸವೆಲ್ಲ ಯಾಕೆ ಬೇಕಿತ್ತು? ಬಸ್ಸು ಹತ್ತಿದರೆ ಅರ್ಧ ಗಂಟೆಗೆ ಹರಿಹರ. ಅಲ್ಲಿ ಒಡಹುಟ್ಟಿದ ಅಣ್ಣನ ಮನೆ ಇದೆ. ಕಾಳಿನ ಅಂಗಡಿ ಮುಚ್ಚಿದ ಮೇಲೆ ಮನೆಯ ಮುಂದಿನ ಹಾಲ್ ಖಾಲಿ ಬಿದ್ದಿದೆ. ಮಳೆಗಾಲಕ್ಕೆ ಮಷಿನ್ನುಗಳನ್ನು ಅಲ್ಲಿಗೆ ಸಾಗಿಸಿದ್ದರೆ ಜಂಪರೂ ಉಳಿಯುತ್ತಿತ್ತು, ಕ್ಲಾಸೂ ನಡೆಯುತ್ತಿತ್ತು. ಹೆಣ್ಣುಮಗಳಿಗೆ ತವರಿಗಿಂತ ಹತ್ತಿರದ ಆಸರೆ ಯಾವುದು?

ಇಷ್ಟು ಹೇಳಿ, ತಾವೇ ಕರೆಸಿದ್ದ ಅಪ್ಪನ ಕಡೆ ತಿರುಗಿದರು. ಅಪ್ಪ ಅವತ್ತು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಬಂದಿದ್ದ. ತಂಗಿಯ ಪರವಾಗಿ ಕೂಡಲು ಬಂದಿದ್ದೇನೆಂದೇ ಅವನ ನಂಬಿಕೆ.

"ಯಜಮಾನ್ರೇ, ನಿಮ್ಮ ಮನಿ ಬಾಗಿಲು ನಿಮ್ಮ ತಂಗಿಗೆ ತೆರೆದಿತ್ತೋ ಇಲ್ಲೋ?"

ಈ ಪ್ರಶ್ನೆಗೆ ನಮ್ಮ ಕಡೆ ಒಂದೇ ಉತ್ತರ. ಊರವರ ಎದುರು, ಜಮಖಾನದ ಮೇಲೆ ಕೂತು, ತಂಗಿಗೆ ನನ್ನ ಬಾಗಿಲು ಮುಚ್ಚಿತ್ತು ಎನ್ನುವ ಅಣ್ಣ ದಾವಣಗೆರೆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಬಾಗಿಲು ತೆರೆದಿತ್ತು, ಆದರೆ ಮಷಿನ್ನಿಗೆ ಮುಚ್ಚಿತ್ತು ಎಂಬ ಎರಡನೆಯ ಭಾಗವನ್ನು ಅಪ್ಪ ಹೇಳಬಹುದಿತ್ತು. ನನ್ನ ನೆನಪಿನಲ್ಲಿ ಅವನು ಅದಕ್ಕಾಗಿ ಸ್ವಲ್ಪ ತಡೆದ, ಅತ್ತೆಯ ಕಡೆ ನೋಡಿದ. ಸಾಹೇಬರನ್ನು ಎಷ್ಟೋ ವರ್ಷಗಳ ಮೇಲೆ ಕೇಳಿದಾಗ, ತಡೆಯಲೇ ಇಲ್ಲ, ಥಟ್ಟನೆ ಹೇಳಿದ ಎಂದರು. ಮಳೆಯ ವಿಷಯದಲ್ಲಿ ಸೋತಿರುವ ನನ್ನ ನೆನಪನ್ನು ಇಲ್ಲಿ ನಂಬಿ ಎಂದು ಹೇಗೆ ಹೇಳಲಿ?

"ತೆರೆದಿತ್ತೇನ್ರಿ ಅಂದ್ರೆ?" ಎಂದ ಅಪ್ಪ. "ಹಬ್ಬಕ್ಕ ಕರೆದೀನಿ, ಹುಣ್ಣಿಮಿಗೆ ಕರೆದೀನಿ. ಮುಂದಿನ ಹಾಲ್ ಖಾಲಿ ಐತೆ. ಮಷಿನ್ನು ಇಟ್ಕೊ, ಕ್ಲಾಸ್ ಮಾಡು, ಅದೂ ನಿಂದೇ ಮನಿ. ನಾನು ಯಾವತ್ತೂ ಬ್ಯಾಡ ಅಂದಾವಲ್ಲ."

ಕೊನೆಯ ಮಾತು ಹೊರಗೆ ಬಿದ್ದಾಗ ನಾನು ಬಾಯಿ ತೆರೆದೆ. ಅತ್ತೆ ನೋಡದವಳಂತೆ ತನ್ನ ತಟ್ಟೆಯ ಮಂಡಕ್ಕಿಯನ್ನು ನನ್ನ ತಟ್ಟೆಗೆ ಸುರಿದು, ಮೆಣಸಿನಕಾಯಿಯೊಂದನ್ನು ಅದರ ಮೇಲಿಟ್ಟಳು. ನಮ್ಮ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು: ತಿನ್ನು, ಮಾತಾಡಬೇಡ.

ಮುನ್ಸೀಫರು ಅವಳನ್ನು ಕೇಳಿದರು. ಅಣ್ಣನವರು ಹೇಳಿದ್ದು ನಿಜವೇ?

ಅವಳಿಗೆ ಬೇಕಿದ್ದದ್ದೆಲ್ಲ ಆ ಉತ್ತರದಲ್ಲಿತ್ತು. ಅಣ್ಣನೇ ನನ್ನ ಮಷಿನ್ ನಿಲ್ಲಿಸಿದ್ದ ಎಂದರೆ ಸಾಕು, ಕಾರ್ಯದರ್ಶಿಗಳ ವಾದ ಬೀಳುತ್ತಿತ್ತು. ಆದರೆ ಹಾಗೆಂದರೆ ಅಣ್ಣ ಸುಳ್ಳುಗಾರನಾಗುತ್ತಿದ್ದ, ತವರು ಬರೀ ಮಾತಿನ ತವರಾಗುತ್ತಿತ್ತು, ಅದೂ ಹಪ್ಪಳ ಒಣಹಾಕುವ ಜಾಗದಲ್ಲಿ.

"ಹೌದ್ರಿ," ಎಂದಳು ಅತ್ತೆ. "ಅಣ್ಣ ಕರೀತಿದ್ದ. ನಾನೇ ಹೋಗ್ಲಿಲ್ಲ."

ಅಣ್ಣ ತಂಗಿಯ ಮರ್ಯಾದೆ ಉಳಿಸಿದ, ತಂಗಿ ಅಣ್ಣನ ಮರ್ಯಾದೆ ಉಳಿಸಿದಳು. ಇಬ್ಬರೂ ಸೇರಿ ಮೊಕದ್ದಮೆಯನ್ನು ಮುಗಿಸಿದರು. ಮುನ್ಸೀಫರು ಸಂಘವೇ ತಾರಸಿ ರಿಪೇರಿ ಮಾಡಿಸಬೇಕೆಂದರು. ಆದರೆ ಹಾಳಾದ ಜಂಪರು, ಮಷಿನ್ನು, ನಿಂತ ಕ್ಲಾಸು, ಇವನ್ನೆಲ್ಲ ತವರಿಗೆ ಹೋಗಿ ತಪ್ಪಿಸಬಹುದಾಗಿತ್ತು, ಆದ್ದರಿಂದ ಅವಕ್ಕೆ ಪರಿಹಾರವಿಲ್ಲ. ಗೌಂಡಿಗಳು ಗಾರೆ ಕೀಳುವಾಗ ಮೇಲಂತಸ್ತಿನಲ್ಲಿ ಇರಲು ಆಗುವುದಿಲ್ಲವಾದ್ದರಿಂದ, ರಿಪೇರಿ ಮುಗಿಯುವವರೆಗೆ ಅತ್ತೆ ಹರಿಹರದಲ್ಲಿರುವುದು. ಅಣ್ಣನವರದೇನೂ ಅಭ್ಯಂತರವಿಲ್ಲವಲ್ಲ? ಏನೂ ಇಲ್ಲ ಎಂದ ಅಪ್ಪ. ರಿಪೇರಿ ಯಾವಾಗ ಮುಗಿಯಬೇಕೆಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಚಹಾ ಬಂತು.

ಅತ್ತೆ ಆ ಸಂಜೆ ಮಷಿನ್ನುಗಳಿಗೆ ಎಣ್ಣೆ ಬಿಡುತ್ತ ಕೂತಿದ್ದಳು. ಇನ್ನು ವಾಪಸು ಬರುವುದು ಸುಳ್ಳು ಎಂದು ನನಗನಿಸಿತ್ತು. ಸಂಘದವರು ಹೇಗೂ ಅವಸರ ಮಾಡುವವರಲ್ಲ. ಒಂದು ಮಳೆಗಾಲ ಹರಿಹರದಲ್ಲಿ ಕಳೆದರೆ ಹುಡುಗಿಯರು ಬೇರೆ ಕ್ಲಾಸು ಹುಡುಕಿಕೊಳ್ಳುತ್ತಾರೆ, ಆಮೇಲೆ ಈ ಮನೆಯನ್ನು ಮಾರು ಎಂದು ಅಪ್ಪನೇ ಸಮಾಧಾನದ ದನಿಯಲ್ಲಿ ಹೇಳುತ್ತಾನೆ. ಇದನ್ನು ಅವಳಿಗೆ ಹೇಳಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ತಿಳಿಯದು. ಅವಳು ಮಾತ್ರ, ಒಂದು ಮಷಿನ್ ಸಾಕಲ್ಲವೇ ಎಂದು ನಾನು ಕೇಳಿದ್ದಕ್ಕೆ, ಎಲ್ಲ ಹೋಗ್ಲಿ ಎಂದಳು.

"ಎಲ್ಲ ಯಾಕತ್ತೆ?"

"ಮುನ್ಸೀಫರ ಮುಂದೆ ಹೇಳ್ಯಾನಲ್ಲ ನಿಮ್ಮಪ್ಪ. ಕ್ಲಾಸ್ ಮಾಡು ಅಂತ. ದೊಡ್ಡೋರ ಮಾತು ಮೀರಬಾರ್ದಪ್ಪ."

ನಗಲಿಲ್ಲ. ಅವಳು ಹಟಕ್ಕೆ ಹೇಳಿದಳೋ, ಅಣ್ಣನ ಮಾತನ್ನು ನಿಜವಾಗಿ ನಂಬಿದಳೋ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಂಬಿದಳೆಂದೇ ನನ್ನ ಅಕ್ಕ ವಾದಿಸುತ್ತಾಳೆ. ಆಗ ಅಕ್ಕ ಹರಿಹರದ ಮನೆಯಲ್ಲೇ ಇದ್ದಳಾದ್ದರಿಂದ ಮುಂದಿನ ಸಂಗತಿಗಳಿಗೆ ಅವಳೇ ಆಧಾರ.

ಸಾಹೇಬರ ಟೆಂಪೋದಲ್ಲಿ ಮಷಿನ್ನುಗಳು ಹರಿಹರ ತಲುಪಿದ ಮೂರನೆಯ ದಿನಕ್ಕೆ ನಮ್ಮ ಮುಂದಿನ ಹಾಲಿನ ಬಾಗಿಲಿಗೆ ಹೊಲಿಗೆ ಕ್ಲಾಸಿನ ಬೋರ್ಡು ಬಿತ್ತು. ವಾರದೊಳಗೆ ಹೊಳೆಕಡೆಯ ಬೀದಿಗಳಿಂದ, ಕಾರ್ಖಾನೆಯ ಕ್ವಾರ್ಟರ್ಸಿನಿಂದ ಹುಡುಗಿಯರು ಬರತೊಡಗಿದರು. ಹಾಲಿನ ಬಾಗಿಲೇ ಮನೆಯ ಬಾಗಿಲು. ಅಪ್ಪ ಪೇಪರು ಓದುವ ಕಟ್ಟೆಯ ಮೇಲೆ ಚಪ್ಪಲಿಗಳ ರಾಶಿ. ಗಿರಾಕಿಗಳು ಕುಬಸದ ಅಳತೆ ಕೊಡಲು ಬಂದು, ಯಜಮಾನರೇ, ಅಕ್ಕಾರು ಒಳಗದಾರೇನ್ರಿ ಎಂದು ಅಪ್ಪನನ್ನೇ ಕೇಳುತ್ತಿದ್ದರು. ಮಧ್ಯಾಹ್ನ, ಅವನು ಅಡ್ಡಾಗುವ ಹೊತ್ತಿಗೆ ಸರಿಯಾಗಿ, ಎಲ್ಲ ಮಷಿನ್ನುಗಳೂ ಒಟ್ಟಿಗೆ ಓಡುತ್ತಿದ್ದವು. ಅವ್ವ ಎರಡು ದಿನ ಅತ್ತೆಗೆ ಮೊದಲು ಬಡಿಸಿದಳು. ಆಮೇಲೆ ಹುಡುಗಿಯರ ನಡುವೆ ಯಾರಿಗೆ ಮೊದಲು ಬಡಿಸಬೇಕೆಂಬುದೇ ತಿಳಿಯದಾಗಿ, ನೀವೇ ಬಡಿಸ್ಕೊಳ್ರಿ ಎಂದು ಅಡಿಗೆಮನೆಯನ್ನು ಬಿಟ್ಟುಕೊಟ್ಟಳು.

ಅಪ್ಪ ಏನೂ ಅನ್ನುವಂತಿರಲಿಲ್ಲ. ಊರವರ ಎದುರು ಹೇಳಿದ ಮಾತು ಈಗ ಕಟಕಟ ಎನ್ನುತ್ತಿತ್ತು. ಬ್ಯಾಡ ಅಂದಾವಲ್ಲ ಎಂದವನು ಬ್ಯಾಡ ಅನ್ನುವುದು ಹೇಗೆ?

ಒಂದು ಬೆಳಿಗ್ಗೆ ಅವನು ದಾವಣಗೆರೆಯ ಬಸ್ಸು ಹತ್ತಿದ. ಸಂಘದ ತಾರಸಿಯ ಕೆಲಸಕ್ಕೆ ಇನ್ನೂ ಗೌಂಡಿಯನ್ನೇ ಗೊತ್ತುಮಾಡಿಲ್ಲವೆಂದು ತಿಳಿದು, ಕಾರ್ಯದರ್ಶಿಗಳ ಜವಳಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತ. ಮರುದಿನವೂ ಕೂತ. ಮರ್ಯಾದಸ್ಥರು ಅಂಗಡಿಯಲ್ಲಿ ಸುಮ್ಮನೆ ಕೂತರೆ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಎದ್ದು ಹೋಗಿ ಎನ್ನುವಂತಿಲ್ಲ, ಅವರ ಎದುರು ಗಿರಾಕಿಯ ಜೊತೆ ಚೌಕಾಸಿ ಮಾಡುವಂತಿಲ್ಲ. ಕಾರ್ಯದರ್ಶಿಗಳು ಆ ನಷ್ಟವನ್ನು ಕೂಡಲೇ ತಗ್ಗಿಸಿಕೊಂಡರು: ಗೌಂಡಿಗಳು ಬಂದರು. ಅಪ್ಪ ತಾರಸಿಗೆ ಹೋಗಿ, ಸಾಹೇಬರು ಕೊಟ್ಟ ಟಾರ್ಪಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಹಳೆಯ ಗಾರೆ ಕಿತ್ತು ಹೊಸದು ಬಡಿಯುವವರೆಗೆ ದಿನವೂ ಕಾದ. ನಾನು ಕಾಲೇಜಿನಿಂದ ಹೋಗಿ ನೋಡಿದರೆ ಕುರ್ಚಿಯಲ್ಲಿ ನಿದ್ದೆ ಹೋಗಿರುತ್ತಿದ್ದ. ಅವನಿಗೆ ಮಧ್ಯಾಹ್ನದ ನಿದ್ದೆ ಸಿಗುತ್ತಿದ್ದದ್ದು ಅಲ್ಲೇ.

ಮೂರು ಮಳೆಗಾಲ ಆಗದ ಕೆಲಸ ಬೇಸಿಗೆ ಮುಗಿಯುವುದರೊಳಗೆ ಆಯಿತು. ಅಪ್ಪನಿಗೆ ಪಶ್ಚಾತ್ತಾಪವಾಗಿತ್ತು, ಅದಕ್ಕೇ ಓಡಾಡಿದ ಎಂದು ಅಕ್ಕ ಹೇಳುತ್ತಾಳೆ. ಮನೆ ಖಾಲಿಯಾಗಲಿ ಎಂದು ಓಡಾಡಿದ ಎಂದು ನಾನು. ಎರಡಕ್ಕೂ ಗಾರೆ ಒಂದೇ ತೆರನಾಗಿ ಹಿಡಿಯುತ್ತದೆ.

ಅತ್ತೆ ಮಷಿನ್ನುಗಳೊಂದಿಗೆ ದಾವಣಗೆರೆಗೆ ಮರಳಿದಳು. ಹರಿಹರದ ಹುಡುಗಿಯರಲ್ಲಿ ಕೆಲವರು ಬಸ್ಸಿನಲ್ಲಿ ಅಲ್ಲಿಗೇ ಬರತೊಡಗಿದರು. ಆ ವರ್ಷದ ಮೊದಲ ದೊಡ್ಡ ಮಳೆಯಾದ ಮೇಲೆ ಅಪ್ಪ ನೋಡಲು ಬಂದ. ನಾನೂ ಇದ್ದೆ. ಈ ಮಳೆ ನಿಜ, ಪಂಚಾಯಿತಿಯ ದಿನಕ್ಕೆ ನನ್ನ ತಲೆಯಲ್ಲಿ ಸೇರಿಕೊಂಡದ್ದು ಬಹುಶಃ ಇದೇ. ಸೂರು ಬೆಳ್ಳಗಿತ್ತು. ಕಪಾಟು ಮಾತ್ರ ಹಳೆಯ ಜಾಗ ಬಿಟ್ಟು ಒಳಕೋಣೆಯ ಮೂಲೆಗೆ ಸರಿದಿತ್ತು. ಅದರ ಹಿಂದಿನಿಂದ, ಮಾತು ನಿಂತಾಗಲೆಲ್ಲ, ತಂಬಿಗೆಗೆ ಹನಿ ಬಿದ್ದಂತೆ ಸದ್ದು.

"ಸೋರತೈತೇನವ್ವ?" ಎಂದ ಅಪ್ಪ.

"ಇಲ್ಲಣ್ಣ. ನಲ್ಲಿ ಅದು."

ನಲ್ಲಿ ಬಚ್ಚಲಿನಲ್ಲಿತ್ತು. ಬಚ್ಚಲು ಇನ್ನೊಂದು ಕಡೆ. ಅಪ್ಪನಿಗೂ ಅದು ಗೊತ್ತಿತ್ತು. ಅವನು ಎದ್ದು ನೋಡಲಿಲ್ಲ, ಚಹಾ ಕುಡಿದ. ಹೊರಡುವಾಗ ಮೆಟ್ಟಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ, ಪ್ರತಿ ಸಲದ ಅಭ್ಯಾಸದಂತೆ, ಏನಾದ್ರೂ ಆದ್ರೆ ಎಂದು ಶುರುಮಾಡಿದ. ಅದರ ಮುಂದಿನ ಮಾತು ನಮಗೆಲ್ಲ ಬಾಯಿಪಾಠ: ಮನಿ ಐತಲ್ಲ, ಬಾ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಆ ಮಾತಿಗಾಗಿ ಕಾದಳು. ಒಳಗೆ ಒಂದು ಮಷಿನ್ ಓಡುತ್ತಿತ್ತು.

"ಏನಾದ್ರೂ ಆದ್ರೆ," ಎಂದ ಅಪ್ಪ, "ಗೌಂಡಿಗೆ ಹೇಳಿ ಕಳಿಸು. ನಾ ಬಂದು ಕುಂದರ್ತೀನಿ."